ಧ್ಯಾನಕ್ಕೆ ಕೂರುವವರ ಮೊಣಕಾಲಿನ ಬಗ್ಗೆಯೂ ಬರೆಯಿರಿ

ಮಾನ್ಯ ಸಂಪಾದಕರಿಗೆ ವಂದನೆಗಳು.

2024ರ ಡಿಸೆಂಬರ್ 6ರಂದು ವಿಶ್ವಸಂಸ್ಥೆಯ ಮಹಾಸಭೆಯು ಡಿಸೆಂಬರ್ 21ನ್ನು ವಿಶ್ವ ಧ್ಯಾನ ದಿನವೆಂದು ಗೊತ್ತುಪಡಿಸಿದ ಮೇಲೆ, ಜೂನ್ 21ರ ಯೋಗ ದಿನದ ಬರಹಗಳ ಜೊತೆಗೆ ವರ್ಷದ ಕೊನೆಯಲ್ಲಿಯೂ ಧ್ಯಾನದ ಕುರಿತ ಬರಹಗಳು ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳತೊಡಗಿವೆ. ಆ ಬರಹಗಳ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಅವುಗಳ ಜೊತೆಗೆ ಅಚ್ಚಾಗುವ ಚಿತ್ರಗಳ ಬಗ್ಗೆ. ಕಡಲ ದಂಡೆಯ ಬಂಡೆಯ ಮೇಲೋ, ಹಸಿರು ಹುಲ್ಲಿನ ಮೇಲೋ, ಸಪೂರ ಮೈಕಟ್ಟಿನ ತರುಣ ಅಥವಾ ತರುಣಿ ಪದ್ಮಾಸನ ಹಾಕಿ, ಬೆನ್ನು ಸೆಟೆಸಿ, ಮುಗುಳ್ನಗುತ್ತ ಕಣ್ಣು ಮುಚ್ಚಿರುತ್ತಾರೆ. ಕೆಳಗೆ ದಿಂಬಿಲ್ಲ, ಮಡಿಸಿದ ಕಂಬಳಿಯಿಲ್ಲ, ಒಂದು ಚಾಪೆ ಕೂಡ ಇರುವುದಿಲ್ಲ. ಈ ಚಿತ್ರವನ್ನು ನೋಡಿ ಐವತ್ತು ದಾಟಿದ ಓದುಗರೊಬ್ಬರು ಮರುದಿನ ಬೆಳಿಗ್ಗೆ ಮನೆಯ ಟೈಲ್ಸ್ ನೆಲದ ಮೇಲೆ ಹಾಗೆಯೇ ಕೂರಲು ಹೋಗಿ, ಐದು ನಿಮಿಷಕ್ಕೆ ಸೊಂಟ ಹಿಡಿದುಕೊಂಡು ಎದ್ದು, 'ಧ್ಯಾನ ನಮ್ಮಂಥವರಿಗಲ್ಲ' ಎಂದು ತೀರ್ಮಾನಿಸಿಬಿಡುವುದನ್ನು ತಪ್ಪಿಸಲು ಸಾಧ್ಯವಾದೀತೇ ಎಂಬ ಆಸೆಯಿಂದ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಕೆಲವರು ಬೆಳಿಗ್ಗೆ ಕೂಡಿ ಸ್ವಲ್ಪ ಹೊತ್ತು ಮೌನವಾಗಿ ಕೂರುತ್ತೇವೆ. ಇದು ಯಾವ ಸಂಸ್ಥೆಯ ಶಾಖೆಯೂ ಅಲ್ಲ, ಇಲ್ಲಿ ಗುರುಗಳೂ ಇಲ್ಲ. ಹೊಸದಾಗಿ ಬಂದು ಕೆಲವೇ ದಿನಗಳಲ್ಲಿ ಬಿಟ್ಟವರನ್ನು ದಾರಿಯಲ್ಲಿ ಕಂಡು ಕಾರಣ ಕೇಳಿದರೆ, ಬಹುತೇಕರು ಮೊದಲು ಹೇಳುವುದು 'ಮನಸ್ಸು ನಿಲ್ಲುವುದಿಲ್ಲರೀ' ಎಂದು. ಇನ್ನೂ ಎರಡು ಮಾತು ಆಡಿಸಿದರೆ ನಿಜ ಹೊರಬರುತ್ತದೆ: ಕಾಲು ಜೋಮು ಹಿಡಿಯುತ್ತದೆ, ಸೊಂಟ ಸೆಳೆಯುತ್ತದೆ, ಮೊಣಕಾಲು ಮಡಿಸಿದರೆ ಬಿಚ್ಚಲು ಬಾರದು. ಮನಸ್ಸು ನಿಲ್ಲದಿರುವುದು ಎಲ್ಲರ ಪಾಡು, ಅದಕ್ಕಾಗಿ ಯಾರೂ ಧ್ಯಾನ ಬಿಡಬೇಕಾಗಿಲ್ಲ. ಆದರೆ ನೋಯುವ ಮೊಣಕಾಲಿನ ಮೇಲೆ ಕೂತು ಉಸಿರನ್ನು ಗಮನಿಸು ಎಂದರೆ ಗಮನವೆಲ್ಲ ಮೊಣಕಾಲಿಗೇ ಹೋಗುತ್ತದೆ. ಅದು ಮನಸ್ಸಿನ ದೋಷವಲ್ಲ, ಕೂತ ರೀತಿಯ ದೋಷ.

ಹಿಂದಿನವರು ಬರೀ ನೆಲದ ಮೇಲೆ ಕೂರುತ್ತಿರಲಿಲ್ಲವೇ ಎಂದು ಕೇಳುವವರಿದ್ದಾರೆ. ಕೂರುತ್ತಿದ್ದರು, ನಿಜ. ಅವರು ಊಟಕ್ಕೆ ಮಣೆ ಹಾಕಿಕೊಂಡು ಕೂರುತ್ತಿದ್ದರು, ರುಬ್ಬುವುದಕ್ಕೆ, ಬೀಸುವುದಕ್ಕೆ, ಕಾಳು ಆರಿಸುವುದಕ್ಕೆ ನೆಲದಲ್ಲೇ ಕೂರುತ್ತಿದ್ದರು, ಹೊಲದಲ್ಲಿ ಕುಕ್ಕರುಗಾಲಿನಲ್ಲಿ ಕಳೆ ಕೀಳುತ್ತಿದ್ದರು. ದಿನಕ್ಕೆ ಹತ್ತಾರು ಬಾರಿ ಕೂತು ಏಳುವ ದೇಹಕ್ಕೆ ಚಕ್ಕಳಮಕ್ಕಳ ಹಾಕಿ ಕೂರುವುದು ಹೊಸದಾಗಿರಲಿಲ್ಲ. ನಾವು ಊಟದ ಮೇಜು, ಕಚೇರಿಯ ಕುರ್ಚಿ, ಸೋಫಾ, ಕಮೋಡುಗಳ ನಡುವೆ ಬದುಕಿ, ತೊಡೆಯ ಹಿಂಬದಿಯ ಸ್ನಾಯುಗಳನ್ನೂ ಸೊಂಟದ ಕೀಲನ್ನೂ ಬಿಗಿ ಮಾಡಿಕೊಂಡಿದ್ದೇವೆ. ಇಂಥ ದೇಹವನ್ನು ಏಕಾಏಕಿ ನೆಲಕ್ಕೆ ಕೂರಿಸಿದಾಗ ಏನಾಗುತ್ತದೆಂದರೆ, ಮೊಣಕಾಲುಗಳು ಸೊಂಟಕ್ಕಿಂತ ಮೇಲೆ ನಿಲ್ಲುತ್ತವೆ, ಸೊಂಟದ ಮೂಳೆ ಹಿಂದಕ್ಕೆ ವಾಲುತ್ತದೆ, ಬೆನ್ನಿನ ಕೆಳಭಾಗದ ಸಹಜವಾದ ಒಳಬಾಗು ಅಳಿಸಿಹೋಗಿ ಬೆನ್ನು ಗೂನಾಗುತ್ತದೆ. ಆಗ 'ಬೆನ್ನು ನೆಟ್ಟಗೆ ಮಾಡಿ' ಎಂದು ಯಾರಾದರೂ ಹೇಳಿದರೆ, ಕೂತವರು ಬೆನ್ನಿನ ಸ್ನಾಯುಗಳನ್ನು ಬಲವಂತದಿಂದ ಬಿಗಿಹಿಡಿಯುತ್ತಾರೆ, ಕೆಲವೇ ನಿಮಿಷಗಳಲ್ಲಿ ಅವು ದಣಿದು ಉರಿಯತೊಡಗುತ್ತವೆ.

ಇದಕ್ಕೆ ಪರಿಹಾರ ಬಹಳ ಸರಳವಾದದ್ದು. ಕೂರುವ ಜಾಗವನ್ನು ನಾಲ್ಕರಿಂದ ಆರು ಅಂಗುಲ ಎತ್ತರಿಸಬೇಕು. ಪೃಷ್ಠ ಎತ್ತರದಲ್ಲಿದ್ದು ಮೊಣಕಾಲುಗಳು ಅದಕ್ಕಿಂತ ಕೆಳಗಿಳಿದಾಗ ಸೊಂಟದ ಮೂಳೆ ತಾನಾಗಿ ತುಸು ಮುಂದಕ್ಕೆ ಬಾಗುತ್ತದೆ, ಬೆನ್ನೆಲುಬು ಅದರ ಮೇಲೆ ಪ್ರಯಾಸವಿಲ್ಲದೆ ನಿಲ್ಲುತ್ತದೆ. ಎರಡು ಮೊಣಕಾಲು ಮತ್ತು ಪೃಷ್ಠ ಸೇರಿ ಮೂರು ಕಡೆ ಭಾರ ಹಂಚಿಹೋಗುವುದರಿಂದ ದೇಹ ಅಲುಗದೆ ಕೂರುತ್ತದೆ. ಒಂದು ಮೊಣಕಾಲು ನೆಲಕ್ಕೆ ತಾಗದೆ ಗಾಳಿಯಲ್ಲಿ ತೂಗುತ್ತಿದ್ದರೆ ಅದರ ಅಡಿಗೆ ಮಡಿಸಿದ ಟವೆಲ್ಲನ್ನು ಇಟ್ಟುಕೊಂಡರೆ ಸಾಕು. ಎಷ್ಟು ಎತ್ತರ ಬೇಕೆಂಬುದು ಒಬ್ಬೊಬ್ಬರಿಗೂ ಬೇರೆ. ಸೊಂಟದ ಕೀಲು ಬಿಗಿಯಾದಷ್ಟೂ ಎತ್ತರ ಹೆಚ್ಚು ಬೇಕಾಗುತ್ತದೆ. ಜಪಾನಿನ ಝೆನ್ ಬೌದ್ಧ ಸಂಪ್ರದಾಯದಲ್ಲಿ ಇದಕ್ಕೆಂದೇ 'ಝಾಫು' ಎಂಬ ದುಂಡನೆಯ ಗಟ್ಟಿ ದಿಂಬೂ, ಅದರ ಕೆಳಗೆ ಮೊಣಕಾಲು ಮತ್ತು ಹರಡಿನ ಗಂಟುಗಳು ನೋಯದಂತೆ 'ಝಾಬುಟೋನ್' ಎಂಬ ಅಗಲವಾದ ತೆಳು ಹಾಸೂ ಇವೆ. ಜಪಾನಿನವರೆಗೆ ಏಕೆ, ಬೈಲಕುಪ್ಪೆಯ ಟಿಬೆಟನ್ ಮಠಗಳ ಪ್ರಾರ್ಥನಾ ಮಂದಿರಕ್ಕೆ ಹೋದವರು ಭಿಕ್ಷುಗಳು ಕೂರಲು ಸಾಲುಸಾಲಾಗಿ ಹಾಸಿರುವ ದಪ್ಪನೆಯ ಮೆತ್ತೆಗಳನ್ನು ನೋಡಿಯೇ ಇರುತ್ತಾರೆ. ಬಾಲ್ಯದಿಂದ ಕೂತು ಅಭ್ಯಾಸವಿರುವ ಅವರಿಗೇ ಮೆತ್ತೆ ಬೇಕು, ನಮಗೆ ಬೇಡವೇ?

ಮೆತ್ತನೆಯ ಆಸನವೆಂದರೆ ಸುಖಲೋಲುಪತೆ, ಕಷ್ಟ ಸಹಿಸಿದರೇ ಸಾಧನೆ ಎಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ನಮ್ಮ ಗ್ರಂಥಗಳು ಹಾಗೆ ಹೇಳುವುದಿಲ್ಲ. ಪತಂಜಲಿಯ ಯೋಗಸೂತ್ರದ ಎರಡನೆಯ ಪಾದದಲ್ಲಿ ಆಸನಕ್ಕೆ ಕೊಟ್ಟಿರುವ ಲಕ್ಷಣ 'ಸ್ಥಿರಸುಖಮಾಸನಮ್' ಎಂಬ ಒಂದೇ ಮಾತು. ಅಲುಗದಂತಿರಬೇಕು, ಹಾಗೆಯೇ ಸುಖವಾಗಿಯೂ ಇರಬೇಕು. ಮುಂದಿನ ಸೂತ್ರವೇ ಪ್ರಯತ್ನವನ್ನು ಸಡಿಲಿಸುವುದರ ಬಗ್ಗೆ ಹೇಳುತ್ತದೆ. ಭಗವದ್ಗೀತೆಯ ಆರನೆಯ ಅಧ್ಯಾಯದಲ್ಲಂತೂ ಕೃಷ್ಣನು ಆಸನದ ಎತ್ತರದ ಬಗ್ಗೆಯೇ ಮಾತನಾಡುತ್ತಾನೆ: ಶುಚಿಯಾದ ಜಾಗದಲ್ಲಿ, ಅತಿ ಎತ್ತರವೂ ಅಲ್ಲದ ಅತಿ ತಗ್ಗೂ ಅಲ್ಲದ ಸ್ಥಿರವಾದ ಆಸನವನ್ನು ಹಾಕಿಕೊಳ್ಳಬೇಕು, ದರ್ಭೆ, ಅದರ ಮೇಲೆ ಅಜಿನ ಅಂದರೆ ಜಿಂಕೆಯಂಥ ಪ್ರಾಣಿಯ ಚರ್ಮ, ಅದರ ಮೇಲೆ ಬಟ್ಟೆ ಹಾಸಿರಬೇಕು. ಮೂರು ಪದರದ ಈ ಹಾಸು ನೆಲದ ತಂಡಿಯನ್ನೂ ಗಡಸುತನವನ್ನೂ ತಡೆಯುವ ವ್ಯವಸ್ಥೆಯಲ್ಲದೆ ಇನ್ನೇನು? (ಅಜಿನದ ಆಸೆ ಮಾತ್ರ ಯಾರಿಗೂ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ, ಕೃಷ್ಣಮೃಗ, ಹುಲಿಗಳ ಚರ್ಮವನ್ನು ಕೊಳ್ಳುವುದೂ ಮಾರುವುದೂ ಅಪರಾಧ. ದರ್ಭಾಸನ ಮತ್ತು ಉಣ್ಣೆಯ ಕಂಬಳಿ ಸಿಗುವಾಗ ಅದರ ಅಗತ್ಯವೂ ಇಲ್ಲ.)

ಈ ವಿಷಯದಲ್ಲಿ ಕನ್ನಡ ನಾಡಿನವರಾದ ಬಿ.ಕೆ.ಎಸ್. ಅಯ್ಯಂಗಾರ್ ಅವರನ್ನು ನೆನೆಯಲೇಬೇಕು. 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಅವರು ಬಾಲ್ಯದಲ್ಲಿ ಕಾಯಿಲೆಗಳಿಂದ ಬಹಳ ಸೊರಗಿದ್ದವರು. ಮೈಸೂರಿನಲ್ಲಿ, ತಮ್ಮ ಭಾವನೂ ಆದ ತಿರುಮಲೈ ಕೃಷ್ಣಮಾಚಾರ್ಯರ ಬಳಿ ಯೋಗ ಕಲಿತು, ಮುಂದೆ ಪುಣೆಯಲ್ಲಿ ನೆಲೆಸಿ, ಮಡಿಸಿದ ಕಂಬಳಿ, ಲೋಡು, ಮರದ ಇಟ್ಟಿಗೆ, ಪಟ್ಟಿ, ಕುರ್ಚಿಗಳನ್ನು ಆಸನಾಭ್ಯಾಸಕ್ಕೆ ಬಳಸುವ ಕ್ರಮವನ್ನು ಜಗತ್ತಿಗೆ ಪರಿಚಯಿಸಿದರು. ಕಟ್ಟುನಿಟ್ಟಿಗೆ ಹೆಸರಾದ ಗುರುಗಳವರು, ಶಿಸ್ತಿನಲ್ಲಿ ಸಡಿಲಿಕೆ ಒಪ್ಪಿದವರಲ್ಲ. ಅಂಥವರೇ ಬಾಗದ ದೇಹಕ್ಕೆ ಆಸರೆ ಕೊಡುವುದನ್ನು ವಿದ್ಯೆಯ ಭಾಗವಾಗಿಸಿದರೆಂದ ಮೇಲೆ, ದಿಂಬು ಹಾಕಿಕೊಂಡು ಕೂರಲು ನಾವು ನಾಚಬೇಕಾದ ಕಾರಣವಿಲ್ಲ.

ಈಗ ದಿಂಬಿನ ವಿಷಯಕ್ಕೆ ಬರುತ್ತೇನೆ. ಆನ್‌ಲೈನ್ ಅಂಗಡಿಗಳಲ್ಲಿ 'ಮೆಡಿಟೇಶನ್ ಕುಶನ್' ಎಂದು ಹುಡುಕಿದರೆ ಸಾವಿರ ರೂಪಾಯಿಗೂ ಮೇಲ್ಪಟ್ಟ ಬೆಲೆಯ ಬಣ್ಣಬಣ್ಣದ ದಿಂಬುಗಳು ಕಾಣುತ್ತವೆ. ಅವು ಕೆಟ್ಟವೆಂದು ಹೇಳಲಾರೆ. ಆದರೆ ಕೂತು ನೋಡದೆ ಕೊಳ್ಳುವ ಆಸನ ನಮ್ಮ ಮೈಗೆ ಹೊಂದುತ್ತದೆಂಬ ಭರವಸೆಯಿಲ್ಲ, ಮತ್ತು ಫೋಮ್ ತುಂಬಿದ್ದಾದರೆ ಭಾರ ಬಿದ್ದೊಡನೆ ತಗ್ಗಿ ಎತ್ತರವೇ ಇಲ್ಲದಂತಾಗುತ್ತದೆ. ಅದಕ್ಕಿಂತ ಊರಿನ ಗಾದಿ ಅಂಗಡಿಗೆ ಹೋಗುವುದು ಮೇಲು. ನಮ್ಮ ಉತ್ತರ ಕರ್ನಾಟಕದ ಪೇಟೆಗಳಲ್ಲಿ, ತಲೆಮಾರುಗಳಿಂದ ಹತ್ತಿ ಹಿಂಜುವ ಕಸುಬಿನ ನದಾಫ, ಪಿಂಜಾರ ಮನೆತನಗಳವರು ಈಗಲೂ ಗಾದಿ ತುಂಬುವ ಕೆಲಸ ಮಾಡುತ್ತಿದ್ದಾರೆ. ಭುಜದ ಮೇಲೆ ಹಿಂಜುವ ಬಿಲ್ಲನ್ನು ಹೊತ್ತು ಓಣಿ ಓಣಿಗೆ ಬರುತ್ತಿದ್ದವರ ಜಾಗದಲ್ಲಿ ಈಗ ಯಂತ್ರ ಬಂದಿದೆ, ಆದರೆ ಎಷ್ಟು ಹತ್ತಿ, ಎಲ್ಲಿ ಎಷ್ಟು ಒತ್ತಿ ತುಂಬಬೇಕೆಂಬ ಅಂದಾಜು ಅವರ ಕೈಯಲ್ಲೇ ಇದೆ.

ಅಂಗಡಿಯವರಿಗೆ ಹೇಳಬೇಕಾದ ಸಂಗತಿಗಳು ಕೆಲವಿವೆ. ಮೇಲೊಂದು ಕೆಳಗೊಂದು ಬಟ್ಟೆಯನ್ನು ನೇರವಾಗಿ ಕೂಡಿಸಿ ಹೊಲಿದರೆ ಅದು ತಲೆದಿಂಬಾಗುತ್ತದೆ: ನಡುವೆ ಉಬ್ಬಿ, ಅಂಚುಗಳಲ್ಲಿ ತೆಳುವಾಗಿ, ಕೂತರೆ ಪಕ್ಕಕ್ಕೆ ಜಾರುತ್ತದೆ. ಆದ್ದರಿಂದ ಸುತ್ತಲೂ ಐದಾರು ಅಂಗುಲ ಅಗಲದ ಪಟ್ಟಿ ಕೊಟ್ಟು, ಮೇಲ್ಮೈ ಸಮವಾಗಿರುವಂತೆ ಹೊಲಿಯಲು ಹೇಳಬೇಕು. ಒಂದೂಕಾಲು ಅಡಿ ಅಗಲ ಸಾಕು. ಬಟ್ಟೆ ದಪ್ಪನೆಯ ಖಾದಿ ಅಥವಾ ಗಾದಿಗೆ ಬಳಸುವ ಪಟ್ಟೆಪಟ್ಟೆಯ ಗಟ್ಟಿ ಬಟ್ಟೆಯಾಗಿರಲಿ, ನುಣುಪಾದ ಸ್ಯಾಟಿನ್ ಬೇಡ. ಹತ್ತಿಯನ್ನು ಮುಷ್ಟಿಯಿಂದ ಗುದ್ದಿದರೂ ಬೇಗ ತಗ್ಗದಷ್ಟು ಬಿಗಿಯಾಗಿ ತುಂಬಿಸಬೇಕು, ಏಕೆಂದರೆ ಹೊಸ ಹತ್ತಿ ಕೆಲವು ವಾರಗಳಲ್ಲಿ ಕೂತು ಒಂದೆರಡು ಅಂಗುಲ ಇಳಿದೇ ಇಳಿಯುತ್ತದೆ. ಒಂದು ಬದಿಯಲ್ಲಿ ಜಿಪ್ ಇಡಿಸಿದರೆ ಮುಂದೆ ಹತ್ತಿ ಸೇರಿಸಲೂ ತೆಗೆಯಲೂ ಅನುಕೂಲ. ತುಂಬಿದ ಮೇಲೆ ದಬ್ಬಣದಿಂದ ಅಲ್ಲಲ್ಲಿ ಟಾಕು ಹಾಕಿಸಿದರೆ ಹತ್ತಿ ಒಂದೆಡೆ ಸೇರಿ ಗಂಟುಗಟ್ಟುವುದಿಲ್ಲ. ಬೂರುಗದ ಹತ್ತಿ ಹಗುರ ಮತ್ತು ಮೃದು, ಆದರೆ ಕೂರುವ ದಿಂಬಿಗೆ ಸಾಧಾರಣ ಹತ್ತಿಯ ಗಟ್ಟಿತನವೇ ಹೆಚ್ಚು ಹೊಂದುತ್ತದೆಂಬುದು ನಮ್ಮ ಗುಂಪಿನವರ ಅನುಭವ. ಅಂಗಡಿಯಲ್ಲೇ ಒಮ್ಮೆ ನೆಲಕ್ಕೆ ಹಾಕಿ ಕೂತು ನೋಡಬೇಕು; ಸಂಕೋಚಪಡಬಾರದು. ಬಗ್ಗಿ ಮೊಣಕಾಲು ಎಲ್ಲಿದೆ, ಸೊಂಟ ಎಲ್ಲಿದೆ ಎಂದು ನೋಡಿದರೆ ಇನ್ನಷ್ಟು ತುಂಬಬೇಕೇ ಬೇಡವೇ ಎಂಬುದು ತಾನೇ ತಿಳಿಯುತ್ತದೆ. ತಿಂಗಳಿಗೊಮ್ಮೆ ಬಿಸಿಲಿಗೆ ಹಾಕಿ ಬಡಿದರೆ ಹತ್ತಿ ಮತ್ತೆ ಅರಳುತ್ತದೆ.

ಇಷ್ಟೂ ಬೇಡವೆನ್ನುವವರು ಮನೆಯಲ್ಲಿರುವ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ, ಅದರ ಮೇಲೆ ಮಡಿಸಿದ ಕೌದಿಯನ್ನಿಟ್ಟು ಕೂರಬಹುದು. ಕೆಳಗೆ ಜಮಖಾನೆಯೋ ಚಾಪೆಯೋ ಇರಲಿ. ಬರಿಯ ಗ್ರಾನೈಟು, ಟೈಲ್ಸುಗಳ ಮೇಲೆ ಹರಡಿನ ಗಂಟು ಒತ್ತಿ ನೋಯುವುದು ಖಂಡಿತ. ಸೋಫಾದ ಮೆತ್ತೆಯನ್ನು ತಂದು ಹಾಕಿಕೊಳ್ಳುವುದು ಮಾತ್ರ ವ್ಯರ್ಥ. ಅದು ಆಳಕ್ಕೆ ಹೂತುಹೋಗುವಂಥದ್ದು.

ಮೊಣಕಾಲಿನ ಸವೆತವಿರುವವರು, ಕೀಲು ಬದಲಿಸಿಕೊಂಡವರು, ಗರ್ಭಿಣಿಯರು ನೆಲದ ಗೊಡವೆಗೇ ಹೋಗಬೇಕಾಗಿಲ್ಲ. ಕುರ್ಚಿಯಲ್ಲಿ ಕೂತು ಮಾಡಿದ ಧ್ಯಾನ ಎರಡನೆಯ ದರ್ಜೆಯದಲ್ಲ. ನಮ್ಮಲ್ಲಿಗೆ ಬರುವ ನಿವೃತ್ತ ಶಿಕ್ಷಕಿಯೊಬ್ಬರು ಬಹುಕಾಲ ನೆಲದಲ್ಲಿ ಕೂರಲಾಗದೆಂಬ ಒಂದೇ ಕಾರಣಕ್ಕೆ ಬಾಗಿಲ ಬಳಿ ನಿಂತು ನೋಡಿ ಹೋಗುತ್ತಿದ್ದರು. ಈಗ ಅವರು ಭವನದ ಪ್ಲಾಸ್ಟಿಕ್ ಕುರ್ಚಿಯಲ್ಲೇ ಎಲ್ಲರಿಗಿಂತ ಹೆಚ್ಚು ಹೊತ್ತು ಕೂರುತ್ತಾರೆ. ಈ ಪ್ಲಾಸ್ಟಿಕ್ ಕುರ್ಚಿಗಳ ಒಂದು ತೊಂದರೆಯನ್ನು ಕಂಡುಹಿಡಿದವರೂ ಅವರೇ. ಅವುಗಳ ಆಸನ ಹಿಂದಕ್ಕೆ ಇಳಿಜಾರಾಗಿರುತ್ತದೆ, ಆದ್ದರಿಂದ ಕೂತವರು ತಮಗರಿವಿಲ್ಲದೆ ಹಿಂದಕ್ಕೆ ಜಾರಿ ಬೆನ್ನನ್ನು ಒರಗಿಸಿಬಿಡುತ್ತಾರೆ. ಅವರು ಹಳೆಯ ಸೀರೆಯೊಂದನ್ನು ಮಡಿಸಿ ಕುರ್ಚಿಯ ಹಿಂಬದಿಯ ತಗ್ಗಿಗೆ ಇಟ್ಟು ಇಳಿಜಾರನ್ನು ಸಮ ಮಾಡಿಕೊಂಡರು, ಪಾದ ನೆಲಕ್ಕೆ ಪೂರ್ತಿ ಎಟುಕದ್ದರಿಂದ ಮನೆಯಿಂದ ಊಟದ ಮಣೆಯನ್ನು ತಂದು ಕಾಲ ಕೆಳಗೆ ಹಾಕಿಕೊಂಡರು. ಎರಡೂ ಪಾದಗಳು ಸಪಾಟಾಗಿ ಊರಿರಬೇಕು, ಬೆನ್ನು ಒರಗದಿರಬೇಕು, ಕೈಗಳು ತೊಡೆಯ ಮೇಲೆ ಸಡಿಲವಾಗಿ ಬಿದ್ದಿರಬೇಕು. ಕುರ್ಚಿಯ ಧ್ಯಾನಕ್ಕೆ ಇದಕ್ಕಿಂತ ಹೆಚ್ಚಿನ ನಿಯಮ ಬೇಡ.

ಕಾಲು ಜೋಮು ಹಿಡಿಯುವುದರ ಬಗ್ಗೆ ಹೊಸಬರಿಗೆ ಭಯವಿರುವುದರಿಂದ ಒಂದು ಮಾತು. ರಕ್ತ ನಿಂತುಹೋಯಿತೆಂದು ಬಹಳ ಮಂದಿ ತಿಳಿಯುತ್ತಾರೆ. ಸಾಮಾನ್ಯವಾಗಿ ಅದು ನರದ ಮೇಲಿನ ಒತ್ತಡ. ಮೊಣಕಾಲಿನ ಹೊರಬದಿಯಲ್ಲಿ ಚರ್ಮಕ್ಕೆ ಬಹಳ ಹತ್ತಿರವಾಗಿ ಒಂದು ನರ ಹಾದುಹೋಗುತ್ತದೆ, ತೊಡೆಯ ಹಿಂಬದಿಯಲ್ಲಿ ಇನ್ನೊಂದು ದಪ್ಪ ನರವಿದೆ. ದಿಂಬಿನ ಅಂಚೋ ನೆಲವೋ ಇನ್ನೊಂದು ಕಾಲೋ ಅವುಗಳನ್ನು ಒತ್ತಿದಾಗ ಪಾದ ಮರಗಟ್ಟುತ್ತದೆ. ದಿಂಬಿನ ಪೂರ್ತಿ ಮೇಲೆ ಕೂರದೆ, ಮುಂದಿನ ಮೂರರಲ್ಲೊಂದು ಭಾಗದ ಮೇಲೆ ಮಾತ್ರ ಕೂತರೆ ತೊಡೆ ಅಂಚಿಗೆ ಒತ್ತುವುದಿಲ್ಲ. ಒಂದು ಕಾಲಿನ ಮೇಲೆ ಇನ್ನೊಂದನ್ನು ಹೇರದೆ, ಎರಡೂ ಕಾಲುಗಳನ್ನು ಒಂದರ ಮುಂದೆ ಒಂದರಂತೆ ನೆಲದ ಮೇಲೆ ಮಲಗಿಸಿದರೆ ಇನ್ನೂ ಒಳ್ಳೆಯದು. ಅಷ್ಟಾದರೂ ಜೋಮು ಹಿಡಿದರೆ ನಿಧಾನವಾಗಿ ಕಾಲು ಬಿಚ್ಚಿ ಮತ್ತೆ ಕೂರಬಹುದು, ಅದರಿಂದ ಧ್ಯಾನ ಕೆಡುವುದಿಲ್ಲ. ಮರಗಟ್ಟಿದ ಕಾಲಿನ ಮೇಲೆ ಥಟ್ಟನೆ ಎದ್ದು ನಿಂತರೆ ಮಾತ್ರ ಪಾದ ಹೊರಳಿ ಬೀಳುವ ಅಪಾಯವಿದೆ, ವಯಸ್ಸಾದವರು ಇದನ್ನು ಮರೆಯಬಾರದು. ಜೋಮು ಬೇರೆ, ಮೊಣಕಾಲಿನ ಒಳಗೆ ಚುಚ್ಚುವ ನೋವು ಬೇರೆ. ಎರಡನೆಯದನ್ನು ಒಂದು ಕ್ಷಣವೂ ಸಹಿಸಬೇಕಾಗಿಲ್ಲ.

ಆಸನ ಸರಿಹೋದ ಮೇಲೆ ಮಾಡಬೇಕಾದದ್ದು ಅಚ್ಚರಿಯಾಗುವಷ್ಟು ಕಡಿಮೆ. ಸೊಂಟದ ಬೆಲ್ಟು, ಬಿಗಿಯಾದ ಉಡುಪು ಸಡಿಲಿಸಿ, ಕಣ್ಣು ಮುಚ್ಚಿ ಅಥವಾ ಅರೆದೆರೆದು, ಉಸಿರು ಮೂಗಿನ ಹೊಳ್ಳೆಯಲ್ಲಿ ಒಳಹೋಗುವಾಗಿನ ತಂಪನ್ನೂ ಹೊರಬರುವಾಗಿನ ಬೆಚ್ಚಗನ್ನೂ ಗಮನಿಸುತ್ತಿರಬೇಕು. ಉಸಿರನ್ನು ದೀರ್ಘ ಮಾಡುವುದು, ತಡೆಹಿಡಿಯುವುದು ಏನೂ ಬೇಡ. ಅದು ಪ್ರಾಣಾಯಾಮದ ಕ್ಷೇತ್ರ, ಅದನ್ನು ಬಲ್ಲವರಿಂದ ಕಲಿಯಬೇಕು. ಬರಿದೆ ಗಮನಿಸುವುದು ಕಷ್ಟವೆನಿಸಿದರೆ, ಹೊರಬರುವ ಪ್ರತಿ ಉಸಿರಿಗೆ ಒಂದು, ಎರಡು ಎಂದು ಹತ್ತರವರೆಗೆ ಮನಸ್ಸಿನಲ್ಲೇ ಎಣಿಸಿ ಮತ್ತೆ ಒಂದಕ್ಕೆ ಬರಬೇಕು. ನಾಲ್ಕಕ್ಕೋ ಐದಕ್ಕೋ ಬರುವಷ್ಟರಲ್ಲಿ ಮನಸ್ಸು ಗ್ಯಾಸ್ ಸಿಲಿಂಡರಿನ ಬುಕಿಂಗಿಗೋ ಮಗಳ ಪರೀಕ್ಷೆಗೋ ಹೋಗಿಬಿಟ್ಟಿರುತ್ತದೆ, ಕೆಲವೊಮ್ಮೆ ಹದಿನೇಳು, ಹದಿನೆಂಟು ಎಂದು ಎಣಿಸುತ್ತಿರುವುದು ತಡವಾಗಿ ಗೊತ್ತಾಗುತ್ತದೆ. ಗೊತ್ತಾದ ಆ ಗಳಿಗೆಯಲ್ಲಿ ಬೇಸರಿಸದೆ ಒಂದಕ್ಕೆ ಮರಳುವುದೇ ಅಭ್ಯಾಸ. ಹೋಗಿದ್ದು ಸೋಲು, ಬಂದದ್ದು ಗೆಲುವು ಎಂಬ ಲೆಕ್ಕ ಇಲ್ಲಿಲ್ಲ. 'ಚಂಚಲವಾದ ಮನಸ್ಸನ್ನು ಹಿಡಿಯುವುದು ಗಾಳಿಯನ್ನು ಹಿಡಿದಂತೆ' ಎಂದು ಅರ್ಜುನನೇ ಕೈಚೆಲ್ಲಿದಾಗ ಕೃಷ್ಣನು ಅದನ್ನು ಅಲ್ಲಗಳೆಯುವುದಿಲ್ಲ, 'ಸಂಶಯವೇ ಇಲ್ಲ' ಎಂದು ಒಪ್ಪಿಕೊಂಡೇ ಅಭ್ಯಾಸದ ಮಾತೆತ್ತುತ್ತಾನೆ; ಅದಕ್ಕೂ ಮುನ್ನ, ಮನಸ್ಸು ಎಲ್ಲೆಲ್ಲಿಗೆ ಹರಿಯುತ್ತದೋ ಅಲ್ಲಲ್ಲಿಂದ ಹಿಂದಕ್ಕೆ ತರಬೇಕೆಂದು ಹೇಳಿರುತ್ತಾನೆ. ಎಷ್ಟು ಬಾರಿ ತರಬೇಕೆಂದು ಹೇಳಿಲ್ಲ.

ನಾಮಜಪದ ರೂಢಿಯಿರುವವರು ಉಸಿರಿನ ಬದಲು ಅದನ್ನೇ ಮುಂದುವರಿಸಬಹುದು. 108 ಮಣಿಗಳ ಮಾಲೆ ಎಣಿಕೆಯ ಕೆಲಸವನ್ನು ಬೆರಳಿಗೆ ವಹಿಸಿ ಮನಸ್ಸನ್ನು ಬಿಡುವಾಗಿಸುವ ಒಳ್ಳೆಯ ಸಾಧನ. ರಾತ್ರಿ ನಿದ್ದೆ ಬಾರದವರಿಗೆ, ಅಂಗಾತ ಮಲಗಿ ಪಾದದಿಂದ ನೆತ್ತಿಯವರೆಗೆ ಒಂದೊಂದೇ ಅಂಗದ ಕಡೆಗೆ ಗಮನ ಹರಿಸುತ್ತ ಹೋಗುವ ಕ್ರಮ ಹೊಂದುತ್ತದೆ. ನಡುವೆಯೇ ನಿದ್ದೆ ಬಂದರೆ ನಷ್ಟವೇನಿಲ್ಲ.

ಆರಂಭದಲ್ಲಿ ಐದು ನಿಮಿಷ ಸಾಕು, ಹತ್ತು ನಿಮಿಷವಾದರೆ ಧಾರಾಳ. ಭಾನುವಾರ ಒಂದು ಗಂಟೆ ಕೂತು ಉಳಿದ ದಿನ ಬಿಡುವುದಕ್ಕಿಂತ ನಿತ್ಯ ಐದು ನಿಮಿಷ ಕೂರುವುದು ಲೇಸು. ಪತಂಜಲಿಯೂ ಅಭ್ಯಾಸಕ್ಕೆ ದೀರ್ಘಕಾಲದ ಜೊತೆಗೆ ನಿರಂತರತೆಯನ್ನು ಸೇರಿಸಿಯೇ ಹೇಳಿದ್ದಾನೆ. ಹೊತ್ತು ತಿಳಿಯಲು ಮೊಬೈಲಿನ ಅಲಾರಂ ಬಳಸುವವರು ಅದನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಪರದೆ ಕೆಳಗಾಗಿ, ಕೈಗೆಟುಕದ ದೂರದಲ್ಲಿ ಇಡಬೇಕು. ಧ್ಯಾನದ ಆ್ಯಪ್‌ಗಳಿಗೆ ವರ್ಷದ ಚಂದಾ ಕಟ್ಟುವವರನ್ನು ನೋಡಿದ್ದೇನೆ. ದಿನವಿಡೀ ಚಿತ್ತವನ್ನು ಕದಡುವ ಯಂತ್ರದಿಂದಲೇ ಚಿತ್ತಶಾಂತಿಯ ಸೂಚನೆ ಕೇಳುವುದು ನನಗಂತೂ ಒಗ್ಗಲಿಲ್ಲ. ಒಗ್ಗುವವರಿಗೆ ಬೇಡವೆನ್ನುವುದಿಲ್ಲ.

ಕೂರುವುದೇ ಆಗದವರಿಗೆ ಬೇರೆ ದಾರಿಗಳೂ ಇವೆ. ಬೌದ್ಧ ಸಂಪ್ರದಾಯದಲ್ಲಿ ನಿಧಾನವಾಗಿ ಹೆಜ್ಜೆಯಿಡುತ್ತ, ಪಾದ ಎತ್ತುವುದನ್ನೂ ಊರುವುದನ್ನೂ ಗಮನಿಸುವ ಚಂಕ್ರಮಣ ಧ್ಯಾನವು ಕೂರುವ ಧ್ಯಾನದಷ್ಟೇ ಮಾನ್ಯವಾದದ್ದು. ಮನೆಯ ಪಡಸಾಲೆಯ ಈ ಗೋಡೆಯಿಂದ ಆ ಗೋಡೆಯವರೆಗಿನ ಜಾಗ ಅದಕ್ಕೆ ಸಾಕು. ಇನ್ನು ನಿಂತು ಮಾಡುವ ಧ್ಯಾನಕ್ಕೆ ಕನ್ನಡಿಗರು ಎಲ್ಲಿಯೂ ಸಾಕ್ಷಿ ಹುಡುಕಬೇಕಾಗಿಲ್ಲ. ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲೆ ಹತ್ತನೆಯ ಶತಮಾನದ ಕೊನೆಯಲ್ಲಿ ಚಾವುಂಡರಾಯ ನಿಲ್ಲಿಸಿದ ಗೊಮ್ಮಟನ ಭಂಗಿ ಜೈನರ ಕಾಯೋತ್ಸರ್ಗ. ಕೈಗಳನ್ನು ಇಳಿಬಿಟ್ಟು, ದೇಹದ ಮೇಲಿನ ಮಮತೆಯನ್ನು ಬಿಟ್ಟು ನಿಲ್ಲುವ ಧ್ಯಾನ ಅದು. ಕಾಲಿಗೆ ಹಬ್ಬಿದ ಬಳ್ಳಿ, ಬದಿಯ ಹುತ್ತಗಳು ನಿಂತ ಕಾಲದ ದೀರ್ಘತೆಯನ್ನು ಹೇಳುತ್ತವೆ. ಧ್ಯಾನವೆಂದೊಡನೆ ಪದ್ಮಾಸನವನ್ನೇ ಚಿತ್ರಿಸುವ ನಮ್ಮ ಪತ್ರಿಕೆಗಳಿಗೆ, ನಾಡಿನ ಅತ್ಯಂತ ಪ್ರಸಿದ್ಧ ಧ್ಯಾನಮೂರ್ತಿಯೇ ನೆನಪಾಗದಿರುವುದು ವಿಚಿತ್ರ.

ಧ್ಯಾನದ ಫಲದ ಬಗ್ಗೆ ಬರೆಯುವಾಗಲೂ ಕೊಂಚ ಹಿಡಿತ ಬೇಕು. ಮಧುಮೇಹದಿಂದ ಕ್ಯಾನ್ಸರಿನವರೆಗೆ ಎಲ್ಲವೂ ವಾಸಿಯಾಗುತ್ತದೆಂಬ ಮಾತುಗಳು ವಾಟ್ಸ್ಆ್ಯಪಿನಲ್ಲಿ ಓಡಾಡುತ್ತಿರುತ್ತವೆ. ಅಧ್ಯಯನಗಳು ಹೇಳುವುದು ಇದಕ್ಕಿಂತ ಸಣ್ಣ, ಆದರೆ ನಂಬಬಹುದಾದ ಮಾತು. ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ 2014ರಲ್ಲಿ ಪ್ರಕಟವಾದ, 47 ಪ್ರಯೋಗಗಳ 3,515 ಮಂದಿಯ ವಿವರಗಳನ್ನು ಒಟ್ಟುಗೂಡಿಸಿ ನೋಡಿದ ಅಧ್ಯಯನವು, ಅರಿವಿನ ಧ್ಯಾನದಿಂದ (ಇಂಗ್ಲಿಷಿನಲ್ಲಿ ಮೈಂಡ್‌ಫುಲ್‌ನೆಸ್) ಆತಂಕ, ಖಿನ್ನತೆ ಮತ್ತು ನೋವು ಸಾಧಾರಣ ಪ್ರಮಾಣದಲ್ಲಿ ತಗ್ಗುತ್ತವೆಂದೂ, ಆದರೆ ಔಷಧ, ವ್ಯಾಯಾಮ ಮುಂತಾದ ಇತರ ಚಿಕಿತ್ಸೆಗಳಿಗಿಂತ ಅದು ಮೇಲೆಂಬುದಕ್ಕೆ ಆಧಾರ ಸಿಗಲಿಲ್ಲವೆಂದೂ ಹೇಳಿತು. 2022ರಲ್ಲಿ ಹೊರಬಂದ ಇನ್ನೊಂದು ಪ್ರಯೋಗದಲ್ಲಿ, ಆತಂಕದ ಕಾಯಿಲೆಯಿದ್ದ 276 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಎಂಟು ವಾರಗಳ ಧ್ಯಾನ ತರಬೇತಿಯನ್ನೂ ಉಳಿದವರಿಗೆ ಎಸಿಟಲೊಪ್ರಾಮ್ ಎಂಬ ಗುಳಿಗೆಯನ್ನೂ ಕೊಟ್ಟು ನೋಡಿದಾಗ, ಧ್ಯಾನದ ಫಲ ಗುಳಿಗೆಯ ಫಲಕ್ಕಿಂತ ಕಡಿಮೆಯಿರಲಿಲ್ಲ. ಹಾಗೆಂದು ನಡೆಯುತ್ತಿರುವ ಗುಳಿಗೆಯನ್ನು ತಾವಾಗಿ ನಿಲ್ಲಿಸುವುದು ಅಪಾಯ, ಅದನ್ನು ವೈದ್ಯರೇ ತೀರ್ಮಾನಿಸಬೇಕು. ಆಳವಾದ ಆಘಾತಕ್ಕೆ ಒಳಗಾದವರಿಗೆ, ತೀವ್ರ ಮಾನಸಿಕ ಕಾಯಿಲೆಯಿರುವವರಿಗೆ ಕಣ್ಣು ಮುಚ್ಚಿ ಒಬ್ಬರೇ ಕೂರುವುದರಿಂದ ಕಳವಳ ಹೆಚ್ಚುವುದೂ ಉಂಟು. ಅಂಥವರು ಬಲ್ಲವರ ಜೊತೆಯಿಲ್ಲದೆ ತೊಡಗಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ, ಉಚಿತವಾಗಿ ಮಾತನಾಡಬಹುದು. ಧ್ಯಾನದ ಪ್ರತಿಯೊಂದು ಲೇಖನದ ಕೆಳಗೂ ಈ ಸಂಖ್ಯೆ ಅಚ್ಚಾದರೆ ಒಳ್ಳೆಯದು.

ಉಸಿರನ್ನೂ ಮೈಯ ಸಂವೇದನೆಗಳನ್ನೂ ಗಮನಿಸುವುದನ್ನು ಕಲಿಸುವ ಹತ್ತು ದಿನಗಳ ವಿಪಶ್ಯನಾ ಶಿಬಿರಗಳ ಬಗ್ಗೆ ಕೇಳಿ ಬಂದವರು ನಮ್ಮಲ್ಲಿಯೂ ಇದ್ದಾರೆ. ಸತ್ಯನಾರಾಯಣ ಗೋಯೆಂಕಾ ಅವರ ಪರಂಪರೆಯ ಈ ಶಿಬಿರಗಳು ಶುಲ್ಕವಿಲ್ಲದೆ, ಹಳೆಯ ವಿದ್ಯಾರ್ಥಿಗಳ ದಾನದಿಂದ ನಡೆಯುತ್ತವೆ. ಅಲ್ಲಿಯೂ ಪ್ರತಿಯೊಬ್ಬರಿಗೆ ಮೆತ್ತೆ ಕೊಡುತ್ತಾರೆ, ಕೂರಲಾಗದವರಿಗೆ ಕುರ್ಚಿಯಿದೆ. ಶಿಬಿರದ ನಡುಭಾಗದಿಂದ ಒಂದು ಗಂಟೆ ಕೈಕಾಲು ಅಲುಗಿಸದೆ ಕೂರುವ 'ಅಧಿಷ್ಠಾನ'ದ ಅವಧಿಗಳಿರುತ್ತವೆ. ಕಲಿಸುವವರ ಸಮ್ಮುಖದಲ್ಲಿ, ದಿನಗಟ್ಟಲೆ ಸಿದ್ಧತೆಯಾದ ಮೇಲೆ ಮಾಡುವ ಆ ಸಾಧನೆಯನ್ನು ಯಾರದೋ ಬಾಯಿಂದ ಕೇಳಿ, ಮೊದಲ ದಿನವೇ ಮನೆಯಲ್ಲಿ ಪ್ರಯತ್ನಿಸುವುದು ಸರಿಯಲ್ಲ.

ಯೋಗ ದಿನದಂದು ಮೈದಾನಗಳಲ್ಲಿ ಸಾವಿರಾರು ಜನರನ್ನು ಸೇರಿಸುವ ಆಡಳಿತಗಳಿಗೂ ನನ್ನದೊಂದು ಕೋರಿಕೆಯಿದೆ. ಬಂದವರಿಗೆಲ್ಲ ಟೀ ಶರ್ಟು, ತೆಳುವಾದ ಮ್ಯಾಟು ಕೊಡುವ ಖರ್ಚಿನಲ್ಲಿ ಒಂದು ಪಾಲನ್ನು ಕೊನೆಯ ಸಾಲುಗಳಲ್ಲಿ ಕುರ್ಚಿ ಹಾಕಿಸುವುದಕ್ಕೆ, ಸ್ಥಳೀಯ ಗಾದಿ ಕೆಲಸದವರಿಂದ ದಿಂಬು ಹೊಲಿಸಿ ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ (ಗ್ರಂಥಾಲಯಗಳಲ್ಲಿ), ನಗರದ ಸಮುದಾಯ ಭವನಗಳಲ್ಲಿ ಇಡುವುದಕ್ಕೆ ಬಳಸಬಹುದು. ಟೀ ಶರ್ಟು ಒಂದು ದಿನದ ಫೋಟೊಕ್ಕೆ ಆಗುತ್ತದೆ, ಹತ್ತಿಯ ದಿಂಬು ವರ್ಷಗಟ್ಟಲೆ ಬಾಳುತ್ತದೆ, ಅದರ ಜೊತೆಗೆ ಕೆಲಸ ಕಡಿಮೆಯಾಗುತ್ತಿರುವ ಒಂದು ಕಸುಬಿನವರಿಗೂ ನಾಲ್ಕು ಕಾಸು ಸಿಗುತ್ತದೆ.

ತಮ್ಮಲ್ಲಿ ಕೇಳುವುದು ಇಷ್ಟೇ. ಮುಂದಿನ ಬಾರಿ ಧ್ಯಾನದ ಪುಟ ಮಾಡುವಾಗ ಬಂಡೆಯ ಮೇಲಿನ ಪದ್ಮಾಸನದ ಜಾಗದಲ್ಲಿ ಮೂರು ಸಣ್ಣ ರೇಖಾಚಿತ್ರಗಳನ್ನು ಹಾಕಿಸಿ. ಒಂದರಲ್ಲಿ ದಿಂಬಿನ ಮುಂಭಾಗದ ಮೇಲೆ ಕೂತು ಮೊಣಕಾಲುಗಳನ್ನು ನೆಲಕ್ಕೆ ತಾಗಿಸಿದವರಿರಲಿ, ಇನ್ನೊಂದರಲ್ಲಿ ಕುರ್ಚಿಯಲ್ಲಿ ಒರಗದೆ ಕೂತು ಪಾದದ ಕೆಳಗೆ ಮಣೆ ಹಾಕಿಕೊಂಡವರಿರಲಿ, ಮೂರನೆಯದರಲ್ಲಿ ನಿಂತವರಿರಲಿ. ಚಿತ್ರಕ್ಕೆ ಮಾದರಿಯಾಗಿ ಸೀರೆ ಉಟ್ಟ, ಕನ್ನಡಕ ಹಾಕಿದ, ನರೆತ ಕೂದಲಿನ ಒಬ್ಬರನ್ನು ಆರಿಸಿಕೊಂಡರೆ, ಓದುಗರಲ್ಲಿ ಹೆಚ್ಚಿನವರು ತಮ್ಮನ್ನು ಅದರಲ್ಲಿ ಗುರುತಿಸಿಕೊಂಡಾರು. ಆಸನದ ಎತ್ತರದ ಬಗ್ಗೆ ಮೂಳೆ ಮತ್ತು ಕೀಲು ತಜ್ಞರೊಬ್ಬರಿಂದ ಅರ್ಧ ಕಾಲಂ ಬರೆಸಲು ಸಾಧ್ಯವಾದರೆ ಇನ್ನೂ ಉಪಕಾರ.

ಇಂತಿ ತಮ್ಮ ವಿಶ್ವಾಸಿ,
ಓರ್ವ ಓದುಗ, ಧಾರವಾಡ